ದೂರಿನ ಕಡತ ಯಾರ ಮನೆಯಲ್ಲಿರಬೇಕು?

2022ರ ಏಪ್ರಿಲ್‌ನಲ್ಲಿ ಪೈಥಾನ್ ಭಾಷೆಯ ಬಳಗ ತನ್ನ ಬಗ್‌ಗಳ ದಾಖಲೆಯನ್ನು ಗಿಟ್‌ಹಬ್‌ಗೆ ಸಾಗಿಸಿತು. ಅದಕ್ಕೆ ಮುಂಚೆ ಸುಮಾರು 15 ವರ್ಷ ಆ ದಾಖಲೆ ಇದ್ದದ್ದು ಬಳಗವೇ ನಡೆಸುತ್ತಿದ್ದ ಟ್ರ್ಯಾಕರ್‌ನಲ್ಲಿ. ಅದರ ಬುಡದಲ್ಲಿದ್ದದ್ದು ರೌಂಡಪ್ ಎಂಬ ಮುಕ್ತ ತಂತ್ರಾಂಶ. ಬೇರೆ ಬಳಗಗಳ ಮುಂದೆಯೂ ಇಂದಲ್ಲ ನಾಳೆ ಬರುವ ಪ್ರಶ್ನೆ ಇದು: ಬಗ್ ದಾಖಲೆಯನ್ನು ಖಾಸಗಿ ಕಂಪನಿಯ ವೇದಿಕೆಗೆ ಒಪ್ಪಿಸುವುದು ಸರಿಯೇ?

ಪರ: ದೂರು ಕೊಡುವವರನ್ನು ಅಲೆಸಬೇಡಿ

ಕನ್ನಡದ ಅರ್ಕಾವೊತ್ತು ಪರದೆಯ ಮೇಲೆ ತಪ್ಪು ಜಾಗದಲ್ಲಿ ಕೂತಿದೆ ಎಂದುಕೊಳ್ಳಿ. ಅದು ಮೊದಲು ಕಣ್ಣಿಗೆ ಬೀಳುವುದು ಪ್ರೋಗ್ರಾಮರ್‌ಗಲ್ಲ. ಲಗ್ನಪತ್ರಿಕೆ ಜೋಡಿಸುವ ಡಿಟಿಪಿಯವರಿಗೆ, ಪ್ರಶ್ನೆಪತ್ರಿಕೆ ಟೈಪ್ ಮಾಡುವ ಮೇಷ್ಟ್ರಿಗೆ. ಅವರು ದೂರು ಕೊಡಲು ಹೊರಟರೆ ದಾರಿ ಹೇಗಿದೆ ನೋಡಿ. ಲಿಬ್ರೆಆಫೀಸ್‌ಗೆ ಒಂದು ಬಗ್‌ಜಿಲ್ಲಾ, ಫೈರ್‌ಫಾಕ್ಸ್‌ಗೆ ಮತ್ತೊಂದು ಬಗ್‌ಜಿಲ್ಲಾ, ಗ್ನೋಮ್‌ಗೆ ಅದರದೇ ಗಿಟ್‌ಲ್ಯಾಬ್, ವಿಕಿಪೀಡಿಯಕ್ಕೆ ಫ್ಯಾಬ್ರಿಕೇಟರ್. ಕೊನೆಗೆ ದೋಷ ಇರುವುದು ಅಕ್ಷರಗಳನ್ನು ಜೋಡಿಸಿಕೊಡುವ ಹಾರ್ಫ್‌ಬಜ್ ಎಂಬ ಲೈಬ್ರರಿಯಲ್ಲಿ ಎಂದು ಗೊತ್ತಾದರೆ, ಅದರ ದಾಖಲೆ ಗಿಟ್‌ಹಬ್‌ನಲ್ಲಿ. ಒಂದು ಅರ್ಕಾವೊತ್ತಿಗಾಗಿ ಎಷ್ಟು ಖಾತೆ, ಎಷ್ಟು ಪಾಸ್‌ವರ್ಡ್! ಎರಡನೆಯ ಬಾಗಿಲಲ್ಲೇ ಅವರು ಕೈಚೆಲ್ಲುತ್ತಾರೆ. ಹಾಗೆ ಕೈಚೆಲ್ಲಿದವರ ದೂರು ಯಾವ ಟ್ರ್ಯಾಕರ್‌ನಲ್ಲೂ ಇರುವುದಿಲ್ಲ, ಆದ್ದರಿಂದ ಆ ನಷ್ಟವನ್ನು ಯಾರೂ ಎಣಿಸುವುದಿಲ್ಲ.

ಸ್ವಂತ ಟ್ರ್ಯಾಕರ್ ಸ್ವಂತ ಮನೆ ಇದ್ದಂತೆ. ಸೂರು ಸೋರಿದರೆ ಏಣಿ ಹತ್ತಬೇಕಾದವರು ನಾವೇ. ಎಲ್‌ಎಲ್‌ವಿಎಂ ಎಂಬ ದೊಡ್ಡ ಕಂಪೈಲರ್ ಯೋಜನೆ ತನ್ನದೇ ಬಗ್‌ಜಿಲ್ಲಾ ನಡೆಸುತ್ತಿತ್ತು. ಕಸದ ಖಾತೆಗಳ ಕಾಟ ತಾಳಲಾರದೆ ಹೊಸಬರು ತಾವಾಗಿ ನೋಂದಾಯಿಸಿಕೊಳ್ಳುವ ದಾರಿಯನ್ನೇ ಮುಚ್ಚಿತು. ಬಗ್ ಕಂಡವರು ಮೊದಲು ನಿರ್ವಾಹಕರಿಗೆ ಇಮೇಲ್ ಬರೆದು ಖಾತೆ ಕೇಳಬೇಕಿತ್ತು. 2021ರ ಕೊನೆಗೆ ಆ ಯೋಜನೆಯೂ ಗಿಟ್‌ಹಬ್ ಸೇರಿತು.

ಪೈಥಾನ್ ಬಳಗದ ಮರಿಯಟ್ಟಾ ವಿಜಯಾ 2018ರಲ್ಲಿ ಮುಂದಿಟ್ಟ ಪ್ರಸ್ತಾವ, ಪೆಪ್ 581, ಇದೇ ನೋವನ್ನು ಹೇಳಿತು. ಟ್ರ್ಯಾಕರ್ ನೋಡಿಕೊಳ್ಳುವ ಕೈಗಳು ಬೆರಳೆಣಿಕೆ. ದೂರು ಕೊಟ್ಟವರ ಇಮೇಲ್ ಉಳಿದವರ ಕಣ್ಣಿಗೂ ಬೀಳುತ್ತದೆ. ಕೋಡು 2017ರಲ್ಲೇ ಗಿಟ್‌ಹಬ್ ಸೇರಿತ್ತು. ಅಂದರೆ ಐದು ವರ್ಷ ತಿದ್ದುಪಡಿ ಒಂದೂರಲ್ಲಿ, ಅದರ ಕಾರಣ ಇನ್ನೊಂದೂರಲ್ಲಿ. ಸ್ವಯಂಸೇವಕರ ಸಂಜೆಯ ಎರಡು ಗಂಟೆ ಬಹಳ ಬೆಲೆಯದ್ದು. ಅದು ಸರ್ವರ್‌ನ ಉಸ್ತುವಾರಿಗೆ ಹೋಗುವ ಬದಲು ಬಗ್ ತಿದ್ದಲು ಹೋಗಲಿ.

ವಿರೋಧ: ನೆನಪನ್ನು ಒತ್ತೆ ಇಡಬೇಡಿ

ಅರ್ಕಾವೊತ್ತಿನ ಉದಾಹರಣೆ ನನಗೂ ತಟ್ಟಿತು. ಆದರೆ ಅದಕ್ಕೆ ಮದ್ದು ಬೇರೆ ಇದೆ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರು ಫ್ಯಾಬ್ರಿಕೇಟರ್‌ಗೆ ಹೊಸ ಖಾತೆ ತೆರೆಯಬೇಕಿಲ್ಲ. ವಿಕಿಯ ಖಾತೆಯಿಂದಲೇ ಒಳಗೆ ಹೋಗಬಹುದು. ಡೆಬಿಯನ್‌ನಲ್ಲಂತೂ ಖಾತೆಯ ಮಾತೇ ಇಲ್ಲ, ಒಂದು ಇಮೇಲ್ ಕಳಿಸಿದರೆ ದೂರು ದಾಖಲಾಗುತ್ತದೆ. 1990ರ ದಶಕದಿಂದ ಹಾಗೇ ನಡೆದಿದೆ. ಬಾಗಿಲು ತೆರೆಯಲು ಮನೆಯನ್ನೇ ಬಿಟ್ಟುಕೊಡಬೇಕಿಲ್ಲ.

ನನ್ನ ಭಯ ಬೇರೆಯದು. ಕೋಡಿಗೆ ಗಿಟ್ ಇದೆ. ಕೆಲಸ ಮಾಡುವ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಅದರ ಪೂರ್ತಿ ಇತಿಹಾಸ ಕೂತಿರುತ್ತದೆ. ನಾಳೆ ಗಿಟ್‌ಹಬ್ ಮುಚ್ಚಿದರೂ ಕೋಡು ಉಳಿಯುತ್ತದೆ. ದೂರಿನ ದಾಖಲೆ ಹಾಗಲ್ಲ. ಈ ಸಾಲನ್ನು ಹೀಗೇಕೆ ಬರೆದರು, ಸುಲಭದ ದಾರಿಯನ್ನು ಯಾಕೆ ಬಿಟ್ಟರು ಎಂಬ ವರ್ಷಗಟ್ಟಲೆಯ ಮಾತುಕತೆ ಗಿಟ್‌ನೊಳಗೆ ಇರುವುದಿಲ್ಲ, ಕಂಪನಿಯ ಡೇಟಾಬೇಸ್‌ನಲ್ಲಿರುತ್ತದೆ. ಗಿಟ್ ಹುಟ್ಟಿದ್ದಾದರೂ ಯಾಕೆ? ಲಿನಕ್ಸ್ ಕರ್ನೆಲ್‌ನವರು ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಪುಕ್ಕಟೆಯಾಗಿ ಬಳಸುತ್ತಿದ್ದರು. 2005ರಲ್ಲಿ ಆ ಸೌಲಭ್ಯ ಹಿಂದಕ್ಕೆ ಹೋಯಿತು. ಆಗ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕೂತರು. ಆ ಪಾಠದಿಂದ ಹುಟ್ಟಿದ ಸಾಧನದ ಹೆಸರಲ್ಲೇ ನಿಂತ ವೇದಿಕೆಗೆ ನಾವು ಉಳಿದದ್ದನ್ನೆಲ್ಲ ಒಪ್ಪಿಸುತ್ತಿದ್ದೇವೆ.

ಗೂಗಲ್ ಕೋಡ್ ಕೂಡ ಒಂದು ಕಾಲಕ್ಕೆ ಎಲ್ಲರೂ ನೆಚ್ಚಿದ ಜಾಗ. 2015ರ ಮಾರ್ಚ್‌ನಲ್ಲಿ ಮುಚ್ಚುತ್ತೇವೆ ಎಂದರು, 2016ರ ಜನವರಿಯಲ್ಲಿ ಮುಚ್ಚಿದರು. ಇದರ ಪಕ್ಕದಲ್ಲಿ ಫ್ಯಾಬ್ರಿಕೇಟರ್ ಕಥೆ ಇಡಿ. ಅದನ್ನು ಕಟ್ಟಿದ ಕಂಪನಿ 2021ರಲ್ಲಿ ಕೆಲಸ ನಿಲ್ಲಿಸಿತು. ಆದರೂ ವಿಕಿಮೀಡಿಯದ ಟ್ರ್ಯಾಕರ್ ನಿಲ್ಲಲಿಲ್ಲ. ಅದರ ಕೋಡು ಮುಕ್ತವಾಗಿತ್ತು, ಸರ್ವರ್ ತಮ್ಮದಾಗಿತ್ತು. ಬಳಸುತ್ತಿದ್ದವರೇ ಸೇರಿ ಫೋರ್ಜ್ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿದರು.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಭಾರವಾದದ್ದು. 2019ರ ಜುಲೈನಲ್ಲಿ ಅಮೆರಿಕದ ನಿರ್ಬಂಧಗಳ ಕಾರಣಕ್ಕೆ ಇರಾನ್, ಸಿರಿಯಾ, ಕ್ರಿಮಿಯಾದ ಡೆವಲಪರ್‌ಗಳ ಗಿಟ್‌ಹಬ್ ಖಾತೆಗಳಿಗೆ ಕತ್ತರಿ ಬಿತ್ತು. ಸಾರ್ವಜನಿಕ ರೆಪಾಸಿಟರಿಗಳು ಅವರಿಗೆ ಸಿಗುತ್ತಿದ್ದವು, ನಿಜ. ಆದರೆ ಅವರದೇ ಖಾಸಗಿ ರೆಪಾಸಿಟರಿಗಳು ಅವರಿಗೇ ಮುಚ್ಚಿದವು. ಇರಾನಿನವರಿಗೆ ಪೂರ್ತಿ ಸೇವೆ ಮರಳಿದ್ದು 2021ರ ಜನವರಿಯಲ್ಲಿ, ಅಮೆರಿಕ ಸರ್ಕಾರದ ಪರವಾನಗಿ ಸಿಕ್ಕ ಮೇಲೆ. ಅಷ್ಟು ದಿನ ತಪ್ಪೇ ಮಾಡದ ಒಬ್ಬ ಪ್ರೋಗ್ರಾಮರ್ ಹೊರಗೆ ನಿಂತಿದ್ದ. ಯಾರು ಒಳಗೆ, ಯಾರು ಹೊರಗೆ ಎಂಬ ತೀರ್ಮಾನ ಬಳಗದ ಕೈಯಲ್ಲಿ ಇರಲಿಲ್ಲ.

ಉಸ್ತುವಾರಿಯ ಕೈಗಳು ಕಡಿಮೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಪೈಥಾನ್‌ನಲ್ಲೇ ಎಜಿಯೊ ಮೆಲೊಟ್ಟಿ ಮತ್ತೊಬ್ಬ ಗೆಳೆಯರೊಂದಿಗೆ ಸೇರಿ, ಹಳೆಯ ಟ್ರ್ಯಾಕರನ್ನೇ ಸುಧಾರಿಸೋಣ ಎಂಬ ಪೆಪ್ 595 ಬರೆದರು. ಅದು ನಡೆಯಲಿಲ್ಲ. ಆಮೇಲೆ ಗಿಟ್‌ಹಬ್‌ಗೆ ಸಾಗಿಸುವ ಕೆಲಸದ ಹೊಣೆಯನ್ನು ಅವರೇ ಹೊತ್ತರು. ತಾನು ಬೇಡವೆಂದ ಮನೆಗೆ ಸಾಮಾನನ್ನು ತಾನೇ ಜೋಪಾನವಾಗಿ ಸಾಗಿಸಿದ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ.

ಹೋಗಲೇಬೇಕೆಂದಿದ್ದರೆ ಹಾಗೆ ಹೋಗಿ. ಪೈಥಾನ್ ಬಳಗ ಹಳೆಯ ಟ್ರ್ಯಾಕರನ್ನು ಅಳಿಸದೆ ಓದಲಿಕ್ಕೆ ಉಳಿಸಿಕೊಂಡಿತು. ನೀವೂ ಹಳೆಯದನ್ನು ಉಳಿಸಿ. ಹೊಸದರ ಪ್ರತಿಯನ್ನೂ ವಾರಕ್ಕೊಮ್ಮೆ ನಿಮ್ಮದೇ ಸರ್ವರ್‌ಗೆ ಇಳಿಸಿಕೊಳ್ಳಿ. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ಒಂದು ಖಾಲಿ ಟ್ರ್ಯಾಕರ್ ತುಂಬಿಸಿ, ಹಳೆಯ ದೂರುಗಳು ತೆರೆಯುತ್ತವೆಯೇ ಎಂದು ನೋಡಿ.