ಹುಣಸೆ ನೀರು ಬೇಡ, ಪೊಟ್ಟಣ ತನ್ನಿ

ನಾಯಿ ಏನೋ ತಿಂದು ಒದ್ದಾಡುತ್ತಿದೆ ಎಂದರೆ ನಮ್ಮ ತೊಣ್ಣೂರಿನ ಕಡೆ ಜನ ಮೊದಲು ಓಡುವುದು ಅಡುಗೆಮನೆಗೆ. ಒಬ್ಬರು ಹುಣಸೆಹಣ್ಣು ಕಿವುಚುತ್ತಾರೆ, ಇನ್ನೊಬ್ಬರು ಉಪ್ಪು ಕದಡುತ್ತಾರೆ, ಮತ್ತೊಬ್ಬರು ಮೊಟ್ಟೆ ಒಡೆಯುತ್ತಾರೆ. ಇಬ್ಬರು ನಾಯಿಯನ್ನು ಅಮುಕಿ ಹಿಡಿದು, ದನಕ್ಕೆ ಗೊಟ್ಟ ಹಾಕುವ ಹಾಗೆ ಬಾಯಿಗೆ ಹೊಯ್ಯುತ್ತಾರೆ. ಇಷ್ಟೆಲ್ಲ ಮುಗಿದು ನಾಯಿ ಕಾಲು ಸೆಟೆದ ಮೇಲೆ ನನಗೆ ಫೋನು ಬರುತ್ತದೆ: "ಸಾ, ನಮ್ ಕರಿಯ ಯಾಕೋ ಒದ್ದಾಡ್ತಾವ್ನೆ, ಬಾಯಲ್ಲಿ ನೊರೆ ಬತ್ತಾ ಅದೆ." ಏನು ತಿಂತು ಎಂದು ಕೇಳುತ್ತೇನೆ. "ಅದೇ ಗೊತ್ತಾಯ್ತಿಲ್ಲ ಸಾ."

ಪಶು ಇಲಾಖೆಯಲ್ಲಿ ಪರಿವೀಕ್ಷಕನಾಗಿ ಪಾಂಡವಪುರ, ನಾಗಮಂಗಲ ಸೀಮೆಯ ಹಳ್ಳಿಗಳನ್ನು ಸುತ್ತಿ ನಿವೃತ್ತನಾದವನು ನಾನು. ಊರಿನವರ ಬಾಯಲ್ಲಿ ಈಗಲೂ ದನದ ಡಾಕ್ಟ್ರು. ನಾನು ಡಾಕ್ಟರಲ್ಲ, ಡಾಕ್ಟರ ಪಕ್ಕ ನಿಂತು ನಾಯಿಯ ಕಾಲು ಹಿಡಿದವನು. ಹಾಗೆ ನಿಂತು ಕಂಡ ಒಂದು ಸಂಗತಿಯನ್ನು ಎಲ್ಲರ ಮುಂದೆ ಇಡಬೇಕೆನ್ನಿಸಿದೆ. ವಿಷ ತಿಂದ ನಾಯಿಯ ಪ್ರಾಣ ನಿಂತಿರುವುದು ಅದು ತಿಂದದ್ದೇನು, ಎಷ್ಟು ಹೊತ್ತಿಗೆ ಎಂದು ಬಲ್ಲವರು ಬಾಯಿಬಿಡುತ್ತಾರೋ ಇಲ್ಲವೋ ಎಂಬುದರ ಮೇಲೆ. ನಮ್ಮಲ್ಲಿ ಬಾಯಿ ಬಿಡುವವರು ಕಡಿಮೆ.

ನಮ್ಮದು ಕೆರೆ ಕೆಳಗಿನ ಊರು. ಭತ್ತ, ಕಬ್ಬು ಇದ್ದ ಕಡೆ ಇಲಿ ಇದ್ದೇ ಇರುತ್ತದೆ, ಇಲಿ ಇದ್ದ ಕಡೆ ಮದ್ದು. ಎಲ್ಲರೂ ಅದನ್ನು "ಇಲಿ ಪಾಷಾಣ" ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಆದರೆ ಆ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ವಿಷಗಳಿವೆ, ಒಂದಕ್ಕೆ ಮಾಡುವ ಆರೈಕೆ ಇನ್ನೊಂದಕ್ಕೆ ಮುಳುವಾಗುತ್ತದೆ.

ಬೂದುಗಪ್ಪು ಪುಡಿಯಾಗಿ ಬರುವುದು ಜಿಂಕ್ ಫಾಸ್ಫೈಡ್. 96 ಪಾಲು ಕಾಳು ಅಥವಾ ನುಚ್ಚು, 2 ಪಾಲು ಎಣ್ಣೆ, 2 ಪಾಲು ಪುಡಿ ಎಂದು ಕಲಸುವುದು ಲೆಕ್ಕ. ನಮ್ಮವರು ಇಲಿ ಬೇಗ ಬರಲೆಂದು ಒಣಮೀನಿನ ಪುಡಿಯನ್ನೂ ಬೆರೆಸುತ್ತಾರೆ. ಇಲಿಗೆ ರುಚಿಸಿದ್ದು ನಾಯಿಗೆ ರುಚಿಸದೆ ಇರುತ್ತದೆಯೇ? ಈ ಪುಡಿ ಹೊಟ್ಟೆಯ ಆಮ್ಲಕ್ಕೆ ತಾಗಿದರೆ ಫಾಸ್ಫೀನ್ ಎಂಬ ಅನಿಲ ಹುಟ್ಟುತ್ತದೆ, ಕೊಲ್ಲುವುದು ಆ ಅನಿಲ. ಕಾಲು ಗಂಟೆಯಲ್ಲಿ ಲಕ್ಷಣ ಕಾಣಬಹುದು, ಕೆಲವು ಗಂಟೆ ತಡವಾಗಲೂಬಹುದು. ಹೊಟ್ಟೆಗೆ ಅನ್ನ ಬಿದ್ದರೆ ಆಮ್ಲ ಹೆಚ್ಚುತ್ತದೆ, ಅನಿಲವೂ ಹೆಚ್ಚುತ್ತದೆ. "ಏನಾದ್ರೂ ತಿಂದ್ರೆ ಸರಿಹೋಯ್ತದೆ" ಎಂದು ಮುದ್ದೆ ಹಾಕಿದವರು ವಿಷಕ್ಕೆ ಕೈಜೋಡಿಸಿದಂತೆ. ಇದಕ್ಕೆ ಪ್ರತಿವಿಷವಿಲ್ಲ. ಆಸ್ಪತ್ರೆಯಲ್ಲಿ ಆಮ್ಲ ಇಳಿಸುವ ಔಷಧ ಕೊಟ್ಟು, ಹೊಟ್ಟೆ ತೊಳೆದು, ಡ್ರಿಪ್ ಹಾಕಿ ಕಾಯಬೇಕು. ನಾಯಿ ವಾಂತಿ ಮಾಡಿಕೊಂಡರೆ ಬೆಳ್ಳುಳ್ಳಿ ಕೊಳೆತ ಹಾಗೆ, ಇಲ್ಲವೆ ಹಳಸಿದ ಮೀನಿನ ಹಾಗೆ ನಾರುತ್ತದೆ. ಅದನ್ನು ಬಗ್ಗಿ ಮೂಸಿ ನೋಡಬೇಡಿ. ಅದೇ ಗಾಳಿ ಮನುಷ್ಯರ ಶ್ವಾಸಕೋಶಕ್ಕೂ ಅಪಾಯ. ಆಟೋದಲ್ಲೋ ಕಾರಿನಲ್ಲೋ ಕರೆದೊಯ್ಯುವಾಗ ಕಿಟಕಿಗಳೆಲ್ಲ ತೆರೆದಿರಲಿ.

ನೀಲಿಯೋ ಗುಲಾಬಿಯೋ ಬಣ್ಣದ ಬಿಲ್ಲೆಯಾಗಿ ಸಿಗುವುದು ಸಾಮಾನ್ಯವಾಗಿ ಬ್ರೋಮಾಡಯೋಲೋನ್. ಇದರ ದಾರಿ ಬೇರೆ. ತಿಂದ ದಿನ ನಾಯಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತದೆ. ರಕ್ತ ಹೆಪ್ಪುಗಟ್ಟುವ ಶಕ್ತಿ ಒಳಗೊಳಗೇ ಕರಗಿ, ಮೂರನೆಯ ದಿನವೋ ಐದನೆಯ ದಿನವೋ ಒಸಡು ಬಿಳಚುತ್ತದೆ, ಮೂಗಿನಲ್ಲಿ ರಕ್ತ ಕಾಣುತ್ತದೆ, ಸುಮ್ಮನೆ ಏದುಸಿರು ಬಿಡುತ್ತಾ ಮಲಗುತ್ತದೆ. ಆ ಹೊತ್ತಿಗೆ ಐದು ದಿನದ ಹಿಂದೆ ಏನು ತಿಂತೆಂದು ಯಾರಿಗೆ ನೆನಪು? ಇದಕ್ಕೆ ಮಾತ್ರ ಒಳ್ಳೆಯ ಮದ್ದಿದೆ: ವಿಟಮಿನ್ ಕೆ1. ಮೂರು ನಾಲ್ಕು ವಾರ ಬಿಡದೆ ಕೊಡಬೇಕು. ನಾಯಿ ಬಾಲ ಆಡಿಸಿತೆಂದು ವಾರಕ್ಕೇ ಮಾತ್ರೆ ನಿಲ್ಲಿಸುವವರಿದ್ದಾರೆ. ಮಾತ್ರೆ ಮುಗಿದು ಎರಡು ಮೂರು ದಿನ ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿಸಿ ಸರಿ ಇದೆ ಎಂದು ಬರುವವರೆಗೂ ಆ ನಾಯಿ ಪಾರಾಯಿತು ಎನ್ನುವಂತಿಲ್ಲ.

ಇನ್ನು ಬೆಳೆಗೆ ಹೊಡೆಯುವ ಔಷಧಿ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಹರಳಿನ ರೂಪದ ಕಾರ್ಬೊಫ್ಯುರಾನ್. ಇವು ನರಗಳ ಮೇಲೆ ಬೀಳುತ್ತವೆ. ಜೊಲ್ಲು, ಕಣ್ಣೀರು, ಭೇದಿ, ಮೈ ನಡುಕ, ಸೂಜಿಮೊನೆಯಷ್ಟು ಕುಗ್ಗಿದ ಕಣ್ಣಪಾಪೆ. ಮೊನೊಕ್ರೊಟೊಫಾಸ್ ಎಂಥದ್ದೆಂದು ನಮ್ಮ ರಾಜ್ಯಕ್ಕೆ ಬೇರೆ ಹೇಳಬೇಕಿಲ್ಲ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಬೆರೆಸಿದ್ದು ಅದನ್ನೇ, 17 ಜನ ಸತ್ತರು. ಮನುಷ್ಯರಿಗಾಗಲಿ ನಾಯಿಗಾಗಲಿ ಇದಕ್ಕೆ ಮೊದಲ ಮದ್ದು ಅಟ್ರೊಪಿನ್. ಅದರ ಒಂದು ಆಂಪ್ಯೂಲ್‌ನಲ್ಲಿರುವುದು 0.6 ಮಿಲಿಗ್ರಾಂ. 20 ಕೆ.ಜಿ. ತೂಗುವ ನಾಯಿಗೆ ಮೊದಲ ಸುತ್ತಿಗೇ ಆರೇಳು ಆಂಪ್ಯೂಲ್ ಒಡೆಯಬೇಕು, ಆಮೇಲೆ ಜೊಲ್ಲು ನಿಲ್ಲುವವರೆಗೆ ಮತ್ತೆ ಮತ್ತೆ. ಹಳ್ಳಿಯ ಪಶು ಚಿಕಿತ್ಸಾಲಯದ ಕಪಾಟಿನಲ್ಲಿ ಅಷ್ಟು ಇರುತ್ತದೆಯೇ ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಈಗ ಹುಣಸೆ ನೀರಿನ ಮಾತು. ಪ್ರೀತಿಯಿಂದಲೇ ಹೊಯ್ಯುತ್ತಾರೆ, ಒಪ್ಪುತ್ತೇನೆ. ಆದರೆ ನಡುಗುವ ನಾಯಿಗೆ ನುಂಗುವ ಹತೋಟಿ ಇರುವುದಿಲ್ಲ, ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ವಿಷದಿಂದ ಉಳಿದ ನಾಯಿ ನ್ಯುಮೋನಿಯಾದಿಂದ ಸತ್ತದ್ದನ್ನು ಕಂಡಿದ್ದೇನೆ. ಉಪ್ಪು ನೀರಿಗೆ ವಾಂತಿ ಆಗದಿದ್ದರೆ ಆ ಉಪ್ಪೆಲ್ಲ ರಕ್ತಕ್ಕೆ ಸೇರಿ ಮಿದುಳಿಗೆ ಏಟು, ಫಿಟ್ಸ್. ಹುಣಸೆಯೂ ಸಾಧು ಪದಾರ್ಥವಲ್ಲ. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡಲು ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಮುಂದಿಟ್ಟರು. ಹುಣಸೆಯ ಹುಳಿ ಅದೇ ಆಮ್ಲದ್ದು. ವಾಂತಿ ಮಾಡಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ತಿಂದು ಸುಮಾರು ಎರಡು ಗಂಟೆಯೊಳಗೆ, ನಾಯಿಗೆ ಪೂರ್ತಿ ಎಚ್ಚರವಿದ್ದಾಗ, ಡಾಕ್ಟರು ಇಂಜೆಕ್ಷನ್ ಕೊಟ್ಟು ಮಾಡಿಸುತ್ತಾರೆ. ಸೀಮೆಎಣ್ಣೆ, ಆಸಿಡ್, ಎಣ್ಣೆಯಂಥ ದ್ರಾವಣದಲ್ಲಿರುವ ಕೀಟನಾಶಕ, ಬ್ಯಾಟರಿ, ಸೂಜಿ ಹೊಟ್ಟೆಗೆ ಹೋಗಿದ್ದರೆ ಅವರೂ ಮಾಡಿಸುವುದಿಲ್ಲ. ಇಳಿಯುವಾಗ ಸುಟ್ಟದ್ದು, ಕೊರೆದದ್ದು ಹತ್ತುವಾಗಲೂ ಸುಡುತ್ತದೆ, ಕೊರೆಯುತ್ತದೆ.

ವಿಷವಲ್ಲದ್ದನ್ನೂ ನಾಯಿ ನುಂಗುತ್ತದೆ. ಭಾನುವಾರ ನಮ್ಮ ತೊಣ್ಣೂರು ಕೆರೆ ಏರಿಯ ಮೇಲೆ ನಡೆದು ನೋಡಿ. ಮೋತಿ ತಲಾಬ್ ಎಂದೂ ಕರೆಯುವ ಆ ಕೆರೆಯ ತಿಳಿನೀರು ನೋಡಲು ಬಂದವರು ಬಿಟ್ಟುಹೋದ ಬಿರಿಯಾನಿ ಪೊಟ್ಟಣ, ಬೆಂದ ಕೋಳಿಮೂಳೆ, ಮೀನು ಹಿಡಿಯುವವರು ಕಡಿದೆಸೆದ ಗಾಳದ ದಾರ. ಗಾಳ ನುಂಗಿದ ನಾಯಿಯ ಬಾಯಿಂದ ದಾರ ಇಳಿಬಿದ್ದಿದ್ದರೆ ದಯವಿಟ್ಟು ಎಳೆಯಬೇಡಿ, ಅನ್ನನಾಳ ಹರಿಯುತ್ತದೆ. ಗಿಡ್ಡ ಮಾಡಿ ಕತ್ತರಿಸಲೂ ಬೇಡಿ. ಕತ್ತುಪಟ್ಟಿಗೆ ಸಡಿಲವಾಗಿ ಕಟ್ಟಿ ಕರೆದೊಯ್ಯಿರಿ, ಡಾಕ್ಟರಿಗೆ ಆ ದಾರವೇ ದಾರಿ ತೋರುತ್ತದೆ. ಮೆಕ್ಕೆಜೋಳದ ದಿಂಡು, ಮಾವಿನ ಓಟೆ ಕರುಳಲ್ಲಿ ಕೂತರೆ ಲಕ್ಷಣ ನಿಧಾನ: ತಿಂದದ್ದೆಲ್ಲ ವಾಂತಿ, ಲದ್ದಿ ಇಲ್ಲ, ಹೊಟ್ಟೆ ಮುಟ್ಟಿದರೆ ಕುಂಯ್. ಎಕ್ಸ್‌ರೇ, ಸ್ಕ್ಯಾನಿಂಗ್‌ಗೆ ಮಂಡ್ಯಕ್ಕೋ ಮೈಸೂರಿಗೋ ಹೋಗಲೇಬೇಕು.

ಮತ್ತೆ ಆ ಬಾಯಿಬಿಡದ ವಿಷಯಕ್ಕೆ. ಪಕ್ಕದ ಗದ್ದೆಯವನು ಬದುವಿನ ಮೇಲೆ ಮದ್ದಿಟ್ಟಿರುತ್ತಾನೆ. ನಾಯಿ ಒದ್ದಾಡುವುದು ಅವನಿಗೂ ಕಾಣುತ್ತದೆ. ಹೇಳಿದರೆ ಜಗಳ, ಪಂಚಾಯ್ತಿ, ದಂಡ ಎಂದು ಬಾಯಿ ಹೊಲಿದುಕೊಂಡು ಒಳಗೆ ಕೂರುತ್ತಾನೆ. ಕೆಟ್ಟವನೇನಲ್ಲ, ಹೆದರಿದವನು. ಅವನ ಜೇಬಿನಲ್ಲೇ ಇರುವ ಖಾಲಿ ಪೊಟ್ಟಣ ಡಾಕ್ಟರ ಕೈಗೆ ಸಿಕ್ಕಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು.

ಹೆದರದೆ ಬಂದವನೊಬ್ಬನನ್ನು ನಾನು ಕಂಡಿದ್ದೇನೆ. ಕೆರೆ ಕೆಳಗೆ ಹಿಪ್ಪುನೇರಳೆ ಬೆಳೆಯುವ ಒಬ್ಬ ಅಜ್ಜಿಯ ಮನೆ. ರಾತ್ರಿ ಊಟದ ಹೊತ್ತು, ನಾನು ಅವರ ಜಗುಲಿಯಲ್ಲಿದ್ದೆ. ಪಕ್ಕದ ಹೊಲದ ಹುಡುಗ ಬಾಗಿಲಿಗೆ ಬಂದು ನಿಂತ, ಕೈಯಲ್ಲಿ ಹರಿದ ಕವರು. "ಅಜ್ಜಿ, ಬದೀಗೆ ನಾನೇ ಮದ್ದು ಮಡಗಿದ್ದೆ. ನಿಮ್ ನಾಯಿ ತಿಂತಿದ್ದುದ ನೋಡ್ದೆ. ಇದೇಯ ಪೊಟ್ಟಣ." ನಾಯಿ ಅಲ್ಲೇ ಬಾಲ ಆಡಿಸುತ್ತಾ ಅವನ ಕಾಲು ನೆಕ್ಕುತ್ತಿತ್ತು. ಅಜ್ಜಿ ನಂಬಲಿಲ್ಲ, "ಸೆಂದಾಗೇ ಅದಲ್ಲಪ್ಪ" ಎಂದರು. ಕವರಿನ ಮೇಲೆ ಬ್ರೋಮಾಡಯೋಲೋನ್ ಎಂದಿತ್ತು. ಆ ರಾತ್ರಿಯೇ ಡಾಕ್ಟರಿಗೆ ಫೋನು ಮಾಡಿ ಅವರಿಂದ ವಾಂತಿ ಮಾಡಿಸಿದೆವು, ಮರುದಿನದಿಂದ ಕೆ1 ಶುರುವಾಯಿತು. ಮುದ್ದೆಯ ತುತ್ತಿಗೆ ತುಪ್ಪ ಸವರಿ ನಡುವೆ ಮಾತ್ರೆ ಅಡಗಿಸಿ ಅಜ್ಜಿ ದಿನಾ ಉಣಿಸಿದರು. ಜಿಡ್ಡಿನ ಜೊತೆ ಆ ಮಾತ್ರೆ ಚೆನ್ನಾಗಿ ಮೈಗೆ ಹತ್ತುತ್ತದೆ. ನಾಯಿಗೆ ಒಂದು ಹನಿ ರಕ್ತವೂ ಸುರಿಯಲಿಲ್ಲ. ಆ ಹುಡುಗ ಬಾರದಿದ್ದರೆ ನಾಲ್ಕನೆಯ ದಿನ ಯಾವ ಡಾಕ್ಟರು ಬಂದರೂ ಉಳಿಸುವುದು ಕಷ್ಟವಾಗುತ್ತಿತ್ತು. ಅಜ್ಜಿ ಅವನನ್ನು ಬೈಯಲಿಲ್ಲ. ಅದನ್ನು ಒತ್ತಿ ಹೇಳುತ್ತಿದ್ದೇನೆ. ಬಂದು ಹೇಳಿದವನನ್ನು ನಾವು ಬೈದರೆ ಮುಂದಿನವನು ಬರುವುದಿಲ್ಲ.

ಬೇಕೆಂದೇ ವಿಷವಿಕ್ಕುವವರ ಮಾತು ಬೇರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಪ್ರಾಣಿಗೆ ವಿಷವಿಕ್ಕಿದರೆ 5 ವರ್ಷದವರೆಗೆ ಶಿಕ್ಷೆಯಿದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಹಸುವಿನ ಕಳೇಬರಕ್ಕೆ ಹಾಕಿದ ವಿಷದಿಂದ ಒಂದು ತಾಯಿಹುಲಿ, ನಾಲ್ಕು ಮರಿ ಸತ್ತವು. ಇಟ್ಟ ವಿಷ ಇಟ್ಟಲ್ಲೇ ನಿಲ್ಲುವುದಿಲ್ಲ. ನಮಗೆ ಹತ್ತಿರದಲ್ಲೇ, ತೋಳಗಳಿಗಾಗಿ 1974ರಲ್ಲಿ ಮೀಸಲಿಟ್ಟ ಮೇಲುಕೋಟೆಯ ವನ್ಯಧಾಮವಿದೆ. ಅದರ ಅಂಚಿನ ಹೊಲದಲ್ಲಿ ಮದ್ದು ತಿಂದ ಇಲಿಯನ್ನು ನಾಯಿಯೂ ತಿನ್ನಬಹುದು, ನರಿಯೂ ತಿನ್ನಬಹುದು, ಗೂಬೆಯೂ ತಿನ್ನಬಹುದು.

ಇಲಿಗೆ ಮದ್ದಿಡಬೇಡಿ ಎಂದು ಭತ್ತ ಬೆಳೆಯುವವನಿಗೆ ಹೇಳುವಷ್ಟು ತಿಳಿಗೇಡಿ ನಾನಲ್ಲ. ಬದುವಿನ ಮೇಲೆ ಚೆಲ್ಲುವ ಬದಲು ಬಿಲದೊಳಗೆ ಇಟ್ಟು ಬಾಯಿ ಮುಚ್ಚಿ, ಬೆಳಿಗ್ಗೆ ಉಳಿದದ್ದನ್ನೂ ಸತ್ತ ಇಲಿಗಳನ್ನೂ ಆರಿಸಿ ಆಳವಾಗಿ ಹೂಳಿ. ಇಡುವ ಹಿಂದಿನ ದಿನ ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿದರೆ ಅವರು ನಾಯಿ ಕಟ್ಟಿಕೊಳ್ಳುತ್ತಾರೆ. ನೀರಗಂಟಿ ನೀರು ಬಿಡುವ ದಿನ ಎಲ್ಲರಿಗೂ ಗೊತ್ತಿರುತ್ತದೆ. ಮದ್ದಿಡುವ ದಿನವೂ ಹಾಗೇ ಗೊತ್ತಿರಲಿ, ಗ್ರಾಮ ಪಂಚಾಯ್ತಿ ಅದನ್ನು ಮೈಕಿನಲ್ಲಿ ಸಾರಲಿ.

ಗೊಬ್ಬರದಂಗಡಿಯವರಿಗೂ ಒಂದು ಮಾತು. ಕೀಟನಾಶಕದ ಪೊಟ್ಟಣದ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕ ಇರುತ್ತದಲ್ಲ, ಅದರ ಕೆಳಗಿನ ತ್ರಿಕೋನದ ಬಣ್ಣದಲ್ಲೇ ವಿಷದ ತೀವ್ರತೆ ಇದೆ: ಕೆಂಪೆಂದರೆ ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಪ್ರತಿವಿಷ ಯಾವುದೆಂದೂ ಒಳಗಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಇಪ್ಪತ್ತು ರೂಪಾಯಿಗೆ ಬಿಡಿಬಿಡಿಯಾಗಿ ಕಾಗದಕ್ಕೆ ಸುತ್ತಿ ಕೊಟ್ಟಾಗ ಹೋಗುವುದು ವಿಷ ಮಾತ್ರ, ಆ ಚೀಟಿ ಅಂಗಡಿಯಲ್ಲೇ ಉಳಿಯುತ್ತದೆ. ಬಿಡಿ ಮಾರಾಟವನ್ನು ಕೃಷಿ ಇಲಾಖೆ ಕಟ್ಟುನಿಟ್ಟಾಗಿ ನಿಲ್ಲಿಸಬೇಕು.

ನಾಯಿ ಸಾಕಿದವರು ಮಾಡಬೇಕಾದ್ದು ಹೆಚ್ಚೇನಿಲ್ಲ. ಬಾಯಲ್ಲಿ ಉಳಿದಿದ್ದರೆ ಬಟ್ಟೆ ಸುತ್ತಿದ ಕೈಯಿಂದ ತೆಗೆಯಿರಿ, ಫಿಟ್ಸ್ ಬರುತ್ತಿದ್ದರೆ ಬಾಯಿಗೆ ಕೈ ಹಾಕಬೇಡಿ. ಮೈಮೇಲೆ ಔಷಧಿ ಬಿದ್ದಿದ್ದರೆ ಕೈಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ಸೋಪಿನಿಂದ ತೊಳೆಯಿರಿ. ಪೊಟ್ಟಣ ಸಿಗದಿದ್ದರೆ ವಾಂತಿಯನ್ನೇ ಕಡ್ಡಿಯಿಂದ ಡಬ್ಬಿಗೆ ತೆಗೆದು ಬಿಗಿಯಾಗಿ ಮುಚ್ಚಿ. ತಿಂದ ಹೊತ್ತು, ನಾಯಿಯ ತೂಕ ಫೋನಿನಲ್ಲಿ ಮೊದಲೇ ಹೇಳಿ, ಡಾಕ್ಟರು ಔಷಧ ಸಿದ್ಧ ಮಾಡಿಕೊಳ್ಳಲಿ. ಸರ್ಕಾರದ ಪಶು ಸಂಜೀವಿನಿ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಆದರೆ ಗಾಡಿ ಬರಲೆಂದು ಕಾಯುತ್ತಾ ಕೂರಬೇಡಿ, ಬೈಕಿನ ನಡುವೆ ಕೂರಿಸಿಕೊಂಡಾದರೂ ಹೊರಡಿ.

ಅಟ್ರೊಪಿನ್ ಮಾತು ಉಳಿಯಿತು. ನಮ್ಮ ಪಶು ಆಸ್ಪತ್ರೆಗಳಿಗೆ ಔಷಧ ಬರುವುದು ಹಸು, ಎಮ್ಮೆ, ಕುರಿಯ ಲೆಕ್ಕದಲ್ಲಿ. ಆದರೆ ಔಷಧಿ ಸಿಂಪಡಿಸಿದ ಬದುವಿನ ಹುಲ್ಲು ಮೇಯ್ದ ಹಸುವಿಗೂ ಬೇಕಾಗುವುದು ಇದೇ ಅಟ್ರೊಪಿನ್. ಅಗ್ಗದ ಔಷಧ. ಕಬ್ಬು ನಾಟಿಗೂ ಭತ್ತದ ಹಂಗಾಮಿಗೂ ಮುಂಚೆ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣದ ಒಂದೊಂದು ಪಶು ಚಿಕಿತ್ಸಾಲಯದಲ್ಲೂ 50 ಆಂಪ್ಯೂಲ್ ಅಟ್ರೊಪಿನ್, ಒಂದು ನಾಯಿಗೆ ತಿಂಗಳಿಗಾಗುವಷ್ಟು ಕೆ1 ಮಾತ್ರೆ, ಹೊಟ್ಟೆಯ ವಿಷ ಹೀರುವ ಇದ್ದಿಲು ಪುಡಿ ಒಂದು ಡಬ್ಬಿ ಇರಬೇಕು. ಅವು ಇವೆಯೋ ಇಲ್ಲವೋ ಎಂದು ಬಾಗಿಲ ಬಳಿಯ ಹಲಗೆಯ ಮೇಲೆ ಬರೆದಿರಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ನಾನು ಕೇಳಲಿದ್ದೇನೆ, ಆ ಅಜ್ಜಿಯೂ ಬರುತ್ತೇನೆಂದಿದ್ದಾರೆ.