ಲೋಕಸಭೆಯ ಲೆಕ್ಕಕ್ಕೆ ಹೆಂಗಸರ ಬಸಿರೇಕೆ?

2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಎಂದು ಜನರಿಗೆ ಕರೆ ಕೊಟ್ಟರು. ಬೆನ್ನಿಗೇ ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಹದಿನಾರು ಮಕ್ಕಳ ಮಾತೆತ್ತಿದರು. ಜನಸಂಖ್ಯೆಗೆ ತಕ್ಕಂತೆ ಲೋಕಸಭಾ ಕ್ಷೇತ್ರಗಳ ಪುನರ್ವಿಂಗಡಣೆಯಾದರೆ ದಕ್ಷಿಣದ ದನಿ ಕುಗ್ಗೀತೆಂಬ ಸ್ಟಾಲಿನ್ ಅವರ ಆತಂಕ ಸಕಾರಣವಾದದ್ದೇ. ಆದರೆ ಸೀಟು ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿದ್ದು 1976ರ ಸಂವಿಧಾನ ತಿದ್ದುಪಡಿ. ಸಂಸತ್ತು ಹಾಕಿದ ಗಂಟನ್ನು ಸಂಸತ್ತೇ ಬಿಚ್ಚಬೇಕು. ಅದಕ್ಕಾಗಿ ಹೆಂಗಸರು ಇನ್ನೊಮ್ಮೆ ಬಸಿರಾಗಲಿ ಎನ್ನುವುದು ಅನ್ಯಾಯ, ಅದೂ 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿದ್ದ ಈ ದಕ್ಷಿಣದಲ್ಲಿ.

ಎಷ್ಟು ಮಕ್ಕಳು, ಯಾವಾಗ ಎಂಬುದು ಹೆಣ್ಣಿನ ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶದ ಮತ್ಲಬ್‌ಗಿಂತ ಒಳ್ಳೆಯ ಸಾಕ್ಷಿಯಿಲ್ಲ. 1977ರಿಂದ ಅಲ್ಲಿನ ಅರ್ಧದಷ್ಟು ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಗುಳಿಗೆ, ಇಂಜೆಕ್ಷನ್, ನಿರೋಧ್ ಕೊಟ್ಟರು. ಉಳಿದ ಹಳ್ಳಿಗಳು ಎಂದಿನಂತೆ ನಡೆದವು. ಎರಡು ದಶಕಗಳ ನಂತರ ನೋಡಿದರೆ, ಸೇವೆ ಸಿಕ್ಕ ಹಳ್ಳಿಗಳಲ್ಲಿ ಮಕ್ಕಳು ಕಡಿಮೆ ಹುಟ್ಟಿದ್ದಷ್ಟೇ ಅಲ್ಲ, ಹುಟ್ಟಿದವು ಹೆಚ್ಚು ಬದುಕಿದ್ದವು, ತಾಯಂದಿರ ಮೈತೂಕ ಸುಧಾರಿಸಿತ್ತು, ಮನೆಯ ಆಸ್ತಿ ಬೆಳೆದಿತ್ತು. ಮನೆಯಂಗಳದಲ್ಲೇ ಕುಡಿಯುವ ನೀರು ಸಿಗುವುದೂ ಹೆಚ್ಚಿತ್ತು. ಮಕ್ಕಳು ಕಡಿಮೆಯಾದರೆ ಪರಿಸರಕ್ಕೂ ಲಾಭ ಎನ್ನುತ್ತಾರೆ; ಆ ಲಾಭವನ್ನು ನಾನು ಹುಡುಕುವುದು ಇಂಥ ಅಂಗಳದಲ್ಲಿ. ಜಗತ್ತನ್ನು ಬಿಸಿಯೇರಿಸಿದ್ದು ಶ್ರೀಮಂತರ ಬಳಕೆಯೇ ಹೊರತು ಬಡವರ ಮಕ್ಕಳಲ್ಲ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಮೆರಿಕದವನೊಬ್ಬನ ಇಂಗಾಲದ ಪಾಲು ನಮ್ಮವನದಕ್ಕಿಂತ ಹಲವು ಪಟ್ಟು ದೊಡ್ಡದು. ಆದರೆ ಊರಿನ ಬೋರ್‌ವೆಲ್ಲು, ಗೋಮಾಳ, ಪಾಲಾಗುತ್ತ ಬಂದ ಹೊಲ ಇವುಗಳ ಲೆಕ್ಕ ಬೇರೆ. ದೇಶದ ಸರಾಸರಿ ಹಿಡುವಳಿ 1970-71ರಲ್ಲಿ 2.28 ಹೆಕ್ಟೇರ್ ಇದ್ದದ್ದು 2015-16ಕ್ಕೆ 1.08ಕ್ಕೆ ಇಳಿದಿದೆ. ಆ ತುಂಡು ಹೊಲಕ್ಕೆ ಬರ ಬಂದಾಗ ದೂರದಿಂದ ಕೊಡ ಹೊತ್ತು ತರುವವಳು ಯಾರೆಂದು ಎಲ್ಲರಿಗೂ ಗೊತ್ತು.

ಮುಂದೆ ನಾಡು ಮುದುಕರಿಂದ ತುಂಬೀತು ಎನ್ನುವವರಿದ್ದಾರೆ. ವೃದ್ಧರಿಗೆ ಪಿಂಚಣಿ, ಆರೈಕೆ ಬೇಕು. ಬಲವಂತದ ಹೆರಿಗೆಯಿಂದ ಅದು ಸಿಗದು. ರೊಮೇನಿಯಾ 1966ರಲ್ಲಿ ಗರ್ಭಪಾತವನ್ನು ಬಹುಪಾಲು ನಿಷೇಧಿಸಿತು: ಮರುವರ್ಷ ಜನನ ದುಪ್ಪಟ್ಟಿನ ಹತ್ತಿರ ಹೋಯಿತು, ಕೆಲವೇ ವರ್ಷಗಳಲ್ಲಿ ಮತ್ತೆ ಇಳಿಯಿತು, ಕದ್ದುಮುಚ್ಚಿ ಮಾಡಿಸಿಕೊಂಡ ಗರ್ಭಪಾತಗಳಿಗೆ ಸಾವಿರಾರು ಹೆಂಗಸರು ಬಲಿಯಾದರು. ಬಲವಂತದ ಇನ್ನೊಂದು ಮುಖವನ್ನು, ಗಂಡಸರನ್ನು ಹಿಡಿದು ಮಾಡಿಸಿದ ಸಂತಾನಹರಣ ಆಪರೇಷನ್ನುಗಳನ್ನು, ನಾವೇ ತುರ್ತು ಪರಿಸ್ಥಿತಿಯಲ್ಲಿ ಕಂಡಿದ್ದೇವೆ. ಆ ಭಯದಿಂದ ಗಂಡಸರು ಹಿಂದೆ ಸರಿದರು, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಪಾಲು ಸೊನ್ನೆಯ ಆಸುಪಾಸು. ನಮ್ಮಲ್ಲಿ ಹೆಣ್ಣೊಬ್ಬಳಿಗೆ ಮಕ್ಕಳ ಸರಾಸರಿ 1.7ಕ್ಕೆ ಇಳಿದದ್ದು ಹೀಗೆ. ಇದನ್ನು ಪೂರ್ಣ ಆಯ್ಕೆ ಎಂದು ಕರೆಯಲು ನನಗೆ ಮನಸ್ಸಾಗದು. ವಂಕಿ, ಗುಳಿಗೆ, ಇಂಜೆಕ್ಷನ್ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ವರ್ಷವಿಡೀ ಸಿಗಲಿ, ಗಂಡಸರ ಆಪರೇಷನ್ನಿಗೆ ವೈದ್ಯರಿರಲಿ. ಮೂರನೆಯ ಮಗು ಬೇಕೆನ್ನುವವಳಿಗೂ ಅದೇ ಕೇಂದ್ರದಲ್ಲಿ ಅಷ್ಟೇ ಮರ್ಯಾದೆ ಸಿಗಲಿ.