ಹಂತಿಯ ಹಾಡೂ ಹಂಗೇರಿಯ ತಂತಿಯೂ

ಶಾಸ್ತ್ರೀಯ ಸಂಗೀತವು ಪಂಡಿತರ ಮನೆಯಲ್ಲಿ ಹುಟ್ಟಿ ಅರಮನೆಯಲ್ಲಿ ಬೆಳೆದುದೆಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿದೆ. ಹಂಗೇರಿ ದೇಶದ ಇಬ್ಬರು ಸಂಗೀತಕಾರರ ಬಾಳು ಈ ಭಾವನೆಯನ್ನು ಅಲ್ಲಗಳೆಯುತ್ತದೆ. ಬೇಲಾ ಬಾರ್ತೋಕ್ ಮತ್ತು ಜೋಲ್ತಾನ್ ಕೊದಾಯಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಮೇಣದ ಉರುಳೆಯ ಮೇಲೆ ಧ್ವನಿ ಮೂಡಿಸುವ ಯಂತ್ರವನ್ನು ಹೊತ್ತು ಹಳ್ಳಿಗಳನ್ನು ಸುತ್ತಿದರು. ಒಕ್ಕಲಿಗರ ಹಾಡುಗಳನ್ನು ಅವರ ಕಂಠದಿಂದಲೇ ಹಿಡಿದಿಟ್ಟರು. 1906ರಲ್ಲಿ ಇಬ್ಬರೂ ಕೂಡಿ 20 ಹಾಡುಗಳ ಪುಸ್ತಕವನ್ನು ಹೊರತಂದರು.

ಅಂದಿನ ಹಂಗೇರಿಗೆ ಸೇರಿದ್ದ ಟ್ರಾನ್ಸಿಲ್ವೇನಿಯದ ರುಮೇನಿಯನ್ ಹಳ್ಳಿಗರು ಪಿಟೀಲು, ಕೊಳಲುಗಳಲ್ಲಿ ನುಡಿಸುತ್ತಿದ್ದ ಕುಣಿತದ ಧಾಟಿಗಳನ್ನು ಬಾರ್ತೋಕ್ 1915ರಲ್ಲಿ ಪಿಯಾನೋ ವಾದ್ಯಕ್ಕೆ ಅಳವಡಿಸಿದರು. ಇಂದು ಅವನ್ನು ಹಾರ್ಪ್ ಎಂಬ ವಾದ್ಯವೊಂದರಲ್ಲೇ ನುಡಿಸುವುದುಂಟು. ಆಳೆತ್ತರದ ಈ ವಾದ್ಯಕ್ಕೆ 47 ತಂತಿಗಳು. ಸ್ವರವನ್ನು ಏರಿಳಿಸಲು ಕಾಲಿನಿಂದ ಒತ್ತುವ 7 ಕೀಲಿಗಳು. ಪಿಟೀಲಿನಂತೆ ಸ್ವರದಿಂದ ಸ್ವರಕ್ಕೆ ಜಾರುವುದು ಇದಕ್ಕೆ ಸುಲಭಸಾಧ್ಯವಲ್ಲ. ಆದುದರಿಂದ ಅಳವಡಿಸುವವನು ಕೆಲವನ್ನು ಬಿಡಬೇಕು, ಕೆಲವನ್ನು ಕೂಡಿಸಬೇಕು. ಆದರೂ ಹಳ್ಳಿಯ ಧಾಟಿ ಅಳಿಯಲಿಲ್ಲ; ಏಕೆಂದರೆ ಅಳವಡಿಕೆಗೆ ಮೊದಲು ಮೂಲವನ್ನು ಭದ್ರಪಡಿಸಲಾಗಿತ್ತು.

ಇದು ಪರದೇಶದ ಮಾತಷ್ಟೇ ಅಲ್ಲ. ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಕೊಮಕಾಳಿಯವರೇ ಮುಂದೆ ಕುಮಾರ ಗಂಧರ್ವರೆಂದು ಜಗತ್ಪ್ರಸಿದ್ಧರಾದರು. ಕ್ಷಯರೋಗಕ್ಕೆ ತುತ್ತಾಗಿ ಮಾಳವದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಾಗ ಅವರ ಕಿವಿಗೆ ಬಿದ್ದದ್ದು ಹಳ್ಳಿಗರ ಹಾಡು. ಆ ಧಾಟಿಗಳನ್ನು ಅವರು ಸಂಗ್ರಹಿಸಿದರು, ಅವುಗಳೊಳಗಿಂದ ಹೊಸ ರಾಗಗಳನ್ನು ಕಂಡುಕೊಂಡರು. ಶಾಸ್ತ್ರದ ಬೇರು ಜನಪದದಲ್ಲಿದೆಯೆಂಬುದನ್ನು ಈ ನೆಲದ ಮಗನೇ ಹಾಡಿ ತೋರಿಸಿದಂತಾಯಿತು.

ಹಾಗಾದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಾಡುಗಳ ಗತಿಯೇನು? ಈ ಸೀಮೆ ನಾದದಲ್ಲಿ ಬಡವಾದುದಲ್ಲ. ಕುಲಗೋಡ ತಮ್ಮಣ್ಣನವರ ಪಾರಿಜಾತ ಇಲ್ಲಿಯದು; ಅದನ್ನು ಹಾಡಿ ಆಡಿ ನಾಡಿಗೆಲ್ಲ ಹೆಸರಾದ ಕೌಜಲಗಿ ನಿಂಗಮ್ಮ ಇಲ್ಲಿಯವರು. ಜನಪದ ಗೀತೆಗಳನ್ನು ಸಂಗ್ರಹಿಸಿ, ಆ ಧಾಟಿಯಲ್ಲೇ ಕವಿತೆ ಕಟ್ಟಿದ ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು ಗೋಕಾಕ ತಾಲೂಕಿನವರು. ಹೆಸರಿನಲ್ಲಿ ಹುಕ್ಕೇರಿಯನ್ನು ಹೊತ್ತ ಮುರಗೋಡದ ಬಾಳಪ್ಪನವರು ಅಂಥ ಕವಿತೆಗಳನ್ನು ಜನರ ಬಾಯಲ್ಲಿ ನೆಲೆಗೊಳಿಸಿದರು.

ಆದರೆ ಹಾಡು ಕೆಲಸದೊಡನೆ ಹುಟ್ಟಿದುದು. ಕೆಲಸ ಹೋದರೆ ಹಾಡೂ ಹೋಗುತ್ತದೆ. ಹಿಟ್ಟಿನ ಗಿರಣಿ ಬಂದಿತು, ಬೀಸುವ ಪದ ನಿಂತಿತು. ರಾಶಿಯ ಯಂತ್ರ ಬಂದಿತು, ಕಣದಲ್ಲಿ ಎತ್ತುಗಳನ್ನು ಸುತ್ತಿಸುತ್ತ ಇರುಳೆಲ್ಲ ಹಾಡುತ್ತಿದ್ದ ಹಂತಿ ಪದ ಮೌನವಾಯಿತು. ಯಂತ್ರವನ್ನು ದೂರುವುದು ಅವಿವೇಕ. ಹೆಣ್ಣುಮಕ್ಕಳ ರಟ್ಟೆಗೆ ಬಿಡುವು ದೊರೆತುದು ಸಂತೋಷದ ಸಂಗತಿ. ಆದರೆ ದುಡಿಮೆಯ ಭಾರದೊಡನೆ ಅದರ ಹಾಡನ್ನೂ ತಿಪ್ಪೆಗೆಸೆಯಬೇಕಾಗಿಲ್ಲ.

ಶಾಲೆಗಳ ಸಮಾರಂಭಗಳಲ್ಲಿ ಜನಪದ ಗೀತೆ ಕೇಳಿಬರುತ್ತಿದೆಯಲ್ಲ ಎಂದು ಕೆಲವರು ಕೇಳಬಹುದು. ಕೇಳಿಬರುತ್ತಿದೆ, ನಿಜ. ಆದರೆ ಹೆಚ್ಚಾಗಿ ಧ್ವನಿಮುದ್ರಿಕೆಗಳಿಂದ ಕಲಿತ ಅವೇ ನಾಲ್ಕಾರು ಹಾಡುಗಳು, ಹಾರ್ಮೋನಿಯಂ ಇಲ್ಲವೆ ವಿದ್ಯುತ್ ವಾದ್ಯದ ಮನೆಗಳಿಗೆ ಹೊಂದಿಸಿದವು. ಮುದುಕಿಯ ಕಂಠದ ಜಾರು, ಬಳುಕು ಆ ಮನೆಗಳ ನಡುವೆಯೇ ಉಳಿದುಬಿಡುತ್ತವೆ. ವಾದ್ಯಕ್ಕೆ ಅಳವಡಿಸುವುದು ತಪ್ಪಲ್ಲ. ಮೂಲವನ್ನು ಕೇಳದೆ, ಕಾಯ್ದಿಡದೆ ಅಳವಡಿಸುವುದು ತಪ್ಪು. ಮೊದಲು ಕಂಠ, ಆಮೇಲೆ ವಾದ್ಯ: ಹಂಗೇರಿ ಕಲಿಸುವ ಪಾಠವಿಷ್ಟೇ.

ಈ ಕಾರ್ಯಕ್ಕೆ ಶಾಲೆಗಿಂತ ತಕ್ಕ ಸ್ಥಳ ಬೇರೊಂದಿಲ್ಲ. ಕೊದಾಯಿಯವರ ವಿಚಾರದಂತೆ 1950ರಲ್ಲಿ ಕೆಚ್ಕೆಮೇತ್ ಊರಿನಲ್ಲಿ ಹಾಡುಗಾರಿಕೆಗೆ ಪ್ರಾಧಾನ್ಯವಿತ್ತ ಪ್ರಾಥಮಿಕ ಶಾಲೆ ಆರಂಭವಾಯಿತು. ತಾಯ್ನುಡಿಯಂತೆ ತಾಯ್ನಾಡಿನ ಹಾಡೂ ಮಗುವಿನ ಮೊದಲ ಪಾಠವಾಗಬೇಕೆಂಬುದು ಅವರ ನಿಲುವು. ಅಲ್ಲಿ ನಡೆದುದು ಇಲ್ಲಿ ಏಕೆ ನಡೆಯಬಾರದು? ಮಗುವಿನ ಮನೆಯಲ್ಲೇ ಅಜ್ಜಿಯಿದ್ದಾಳೆ. ರಜೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದೊಂದು ಹಾಡನ್ನು ಮುದ್ರಿಸಿ ತರಲಿ; ಹಾಡಿದವರ ಹೆಸರು, ಊರು, ಹಾಡುವ ಸಂದರ್ಭಗಳನ್ನು ಶಿಕ್ಷಕರು ಬರೆಯಿಸಲಿ; ಸಂಗೀತ ಬಲ್ಲವರು ಸ್ವರ ಹಾಕಲಿ. ಕಟ್ಟಡಕ್ಕೆ ಕಲ್ಲು ಕೊಡುವ ದಾನಿಗಳು ಈ ಭಂಡಾರಕ್ಕೊಂದು ಕಪಾಟನ್ನೂ ಕೊಡಲಿ. ಊರೂರಿಗೆ ಚದುರಿದ ಹಳೆಯ ವಿದ್ಯಾರ್ಥಿಗಳು ತಮ್ಮ ತಾಯಂದಿರ ಹಾಡನ್ನು ಕಳುಹಲಿ.

ಪರೀಕ್ಷೆಯ ಹೊರೆ ಹೆಚ್ಚು, ವೇಳೆಯಿಲ್ಲ ಎಂಬ ಆಕ್ಷೇಪ ಹುಸಿಯಲ್ಲ. ಆದರೆ ಪರೀಕ್ಷೆ ಮರುವರ್ಷವೂ ಬರುತ್ತದೆ. ಹಂತಿಯ ಹಾಡು ಬಲ್ಲ ಅಜ್ಜ ಮರುವರ್ಷ ಇರುವನೆಂಬ ಭರವಸೆಯಿಲ್ಲ.